ಹಸಿರು ಬಳೆಯ ಮಾಲೀಶಿನವಳು

ಮೊನ್ನೆ ಅಫಜಲಪುರದ ನನ್ನ ಮಾಲೀಶ್ ಕೋಣೆಯಲ್ಲಿ ಹೊಸದಾಗಿ ಸೇರಿದವಳು ಮೊಣಕೈತನಕ ಕೆಂಪು ಸಾಬೂನು ಹಚ್ಚಿ ತೊಳೆದುಕೊಳ್ಳುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಆಕೆ ನೆನಪಾದಳು... ಚೌಡಾಪುರದಿಂದ ಮೊದಲ ಬಸ್ಸಿಗೆ ಬರುತ್ತಿದ್ದ ನನ್ನ ಹಳೆಯ ಮಾಲೀಶಿನವಳು.

ಬಾಣಂತಿಯರಿಗೆ, ಹಸುಗೂಸುಗಳಿಗೆ ಎಣ್ಣೆ ತಿಕ್ಕುವುದರಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ನಾನೋ, ಸೊಲ್ಲಾಪುರದಲ್ಲಿ ಆರು ತಿಂಗಳು ಕಲಿತು ಬಂದ ಸೊಕ್ಕಿನವಳು. ದಿನಾ ಮುಂಜಾನೆ ಗಿರಾಕಿಗಳ ಎದುರಿಗೇ ಆಕೆಯ ಕೈ ಚಾಚಿಸಿ ಉಗುರು ನೋಡುತ್ತಿದ್ದೆ, ಬಾಯಿ ತೆರೆಸಿ ಮೂಸುತ್ತಿದ್ದೆ. ಬೆವರು ನಾರಿದರೆ ಇನ್ನೊಮ್ಮೆ ಸ್ನಾನಕ್ಕೆ ಅಟ್ಟುತ್ತಿದ್ದೆ. ಆಕೆ ಉಗುರನ್ನು ಬುಡಮಟ್ಟ ಕತ್ತರಿಸಿಕೊಂಡಳು, ಇಪ್ಪತ್ತು ವರ್ಷದ ತಂಬಾಕು ಬಿಟ್ಟಳು. ಹಾಸಿಗೆ ಹಿಡಿದ ಗಂಡನ ಔಷಧಿ ಈ ಕೆಲಸದಿಂದಲೇ ನಡೆಯಬೇಕಿತ್ತು. ಬಿಡದೇ ಉಳಿದದ್ದು ಒಂದೇ, ಘತ್ತರಗಿಯ ಭಾಗ್ಯವಂತಿ ದೇವಿಗೆ ಗಂಡನ ಹೆಸರಿನಲ್ಲಿ ಹರಕೆ ಹೊತ್ತು ತೊಟ್ಟ ಹಸಿರು ಬಳೆ.

ಬಳೆಯ ಸಂದಿಯಲ್ಲಿ ಎಣ್ಣೆ, ಕೊಳೆ ಕೂಡುತ್ತದೆ. ಗಾಜು ಕೂಸಿನ ಮೈಗೆ ಗೀರುತ್ತದೆ. ನನ್ನ ಮಾತಿನಲ್ಲಿ ತಪ್ಪಿರಲಿಲ್ಲ. ಹೇಳಿದ ಬಗೆ ಮಾತ್ರ...

"ಬಳಿ ಒಂದು ಕೇಳಬ್ಯಾಡ್ರಿ ಅಕ್ಕೋರ. ಅವರು ಹಾಸಿಗಿ ಮ್ಯಾಲ ಅದಾರ," ಎಂದಳು.

"ಬಳಿ ತೆಗದ್ರ ಗಂಡ ಸಾಯ್ತಾನೇನ್ ಬೇ?" ಎಂದೆ. ಕೂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಒಬ್ಬೊಬ್ಬರ ಕೈಯಲ್ಲೂ ಡಜನ್ ಬಳೆಗಳಿದ್ದವು. ನಾನೇ ಆಕೆಯ ಮುಂಗೈ ಹಿಡಿದು, ಇದೇ ಕೆಂಪು ಸಾಬೂನು ಸವರಿ, ಒಂದೊಂದಾಗಿ ಜಾರಿಸಿ ತೆಗೆದೆ. ಆಕೆ ಗೋಡೆ ಕಡೆ ಮುಖ ಮಾಡಿ ನಿಂತಿದ್ದಳು.

ಹದಿನೈದು ದಿನಕ್ಕೆ ಆತ ತೀರಿಕೊಂಡ. ಡಾಕ್ಟರು ಮೊದಲೇ ಕೈಬಿಟ್ಟಿದ್ದರು. ಬಳೆಗೂ ಸಾವಿಗೂ ಸಂಬಂಧವಿಲ್ಲ ಎಂದು ನನಗೆ ಗೊತ್ತು. ಆದರೆ ಹರಕೆಯ ಬಳೆ ತೆಗೆದು ಗಂಡನನ್ನು ತಿಂದವಳು ಎಂದು ಆಕೆಯ ಅತ್ತೆ, ಮೈದುನರು ಮನೆಯಿಂದ ಹೊರಗೆ ಹಾಕಿದರಂತೆ.

ಸೂತಕದ ದಿನಗಳು ಮುಗಿದ ಮೇಲೆ ಕೆಲಸಕ್ಕೆ ಬಂದಳು. ಬರಿಗೈ ಎರಡನ್ನೂ ನನ್ನ ಮುಂದೆ ಚಾಚಿ, "ಈಗ ನಡೀತಾವೇನ್ರಿ ಅಕ್ಕೋರ?" ಎಂದಳು.

ಅಂದು ನಕ್ಕಿದ್ದ ಹೆಂಗಸರೇ ಕೂತಿದ್ದರು. ಒಬ್ಬಳು ತನ್ನ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು. ಮುಂಡೆಯ ಕೈ ಬೇಡವೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನನ್ನ ಮುಖ ನೋಡಿದರು, ಅಷ್ಟೇ. ಗಿರಾಕಿ ಕೈಬಿಟ್ಟು ಹೋದಾರು ಎಂಬ ಹೆದರಿಕೆ ನನಗೆ. ಥೂ, ನನ್ನ ಜನ್ಮಕ್ಕಿಷ್ಟು... ಆಕೆಯ ಬೆರಳು ಹಿಡಿದು, ತಿರುಗಿಸಿ ನೋಡಿ, ಉಗುರಿನಲ್ಲಿ ಹೊಲಸಿದೆ, ನಾಳೆಯಿಂದ ಬರಬೇಡ ಎಂದೆ.

ಆಕೆ ತನ್ನ ಉಗುರು ನೋಡಿಕೊಂಡಳು, ನನ್ನನ್ನು ನೋಡಿದಳು, ಹೋದಳು. ಹೋದ ವರ್ಷ ತೀರಿಕೊಂಡಳೆಂದು ಆ ಊರಿನ ಗಿರಾಕಿಯೊಬ್ಬಳು ಹೇಳಿದಳು. ನನ್ನ ಕೋಣೆಗೆ ಅಂಥ ಕೈ ಮತ್ತೆ ಬರಲಿಲ್ಲ.

ಈಗಲೂ ದಿನಾ ಮುಂಜಾನೆ ಕೆಲಸದವರ ಉಗುರು ನೋಡುತ್ತೇನೆ. ಆಕೆಯ ಉಗುರಿನಲ್ಲಿ ಅಂದು ಏನೂ ಇರಲಿಲ್ಲ.