ಮೀಟರಿಗೆ ಸಿಕ್ಕಿಸಿದ ನಿಂಬೆಹಣ್ಣು

ಇಂಜಿನಿಯರ್ ಕೆಲಸದಿಂದ ನಿವೃತ್ತಿಯಾದರೂ ಬಾಯ್ಲರ್ ಅಂದರೆ ಸಾಕು, ಹೊರಟುಬಿಡುತ್ತೇನೆ ನೋಡಿ. ಮತ್ತಿಗಿರಿಯ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ಹೊಗೆಯ ಆಮ್ಲವನ್ನು ಸುಣ್ಣದ ನೀರಿನಲ್ಲಿ ತೊಳೆಯುತ್ತಾರೆ. ಆ ನೀರು ಹುಳಿಯಾದರೆ ಮೀಟರ್ ಕೂಗುತ್ತದೆ, ಪಂಪು ಇನ್ನಷ್ಟು ಸುಣ್ಣ ಸುರಿಯುತ್ತದೆ. ಆಯುಧಪೂಜೆಯ ರಜೆ ಮುಗಿದ ದಿನ ಕೂಗೂ ಸುಣ್ಣವೂ ನಿಲ್ಲಲೇ ಇಲ್ಲ. ಅವತ್ತೇ ಮಾಲಿನ್ಯ ಮಂಡಳಿಯ ತಪಾಸಣೆ, ಮೀಟರ್ ಕೆಟ್ಟಿದ್ದರೆ ಬಾಯ್ಲರಿಗೆ ಬೀಗ.

ನನಗೆ ಕರೆ ಬಂತು. ಹೋಗಿ ನೋಡಿದರೆ, ನೀರಿನಲ್ಲಿರಬೇಕಾದ ಮೀಟರಿನ ಕಡ್ಡಿ ಹೊರಗಿತ್ತು. ಮೈಗೆ ಕುಂಕುಮ, ತುದಿಗೆ ಚುಚ್ಚಿದ ನಿಂಬೆಹಣ್ಣು.

"ಏನಯ್ಯಾ ಇದು?" ಎಂದೆ, ಆಪರೇಟರ್ ಮುನಿರಾಜುವಿಗೆ.

"ದೃಷ್ಟಿ ಆಗ್ಬಾರ್ದಲ್ಲ ಸಾ. ಎಲ್ಲಾ ಮಿಷನ್‌ಗೂ ಇಕ್ಕಿವ್ನಿ."

ತಪಾಸಣೆಯ ಅಧಿಕಾರಿ ಆಗಲೇ ಬಂದು ಹಿಂದೆ ನಿಂತಿದ್ದರು. ಹಣ್ಣು ನೋಡಿದರು, ಅಂಕಿ ನೋಡಿದರು. "ಹುಳೀನ ಹುಳಿ ಅಂತಲೇ ತೋರಿಸ್ತಿದೆ. ಮೀಟರ್ ಸರಿಯಾಗಿದೆ" ಎಂದು ಬರೆದುಕೊಂಡು ಹೊರಟರು.

"ನೋಡುದ್ರಾ ಸಾ, ನಿಂಬೆಹಣ್ಣೇ ಕಾಪಾಡ್ತು" ಎಂದ ಮುನಿರಾಜು.

ಅಲ್ಲ ಎನ್ನಲು ನನ್ನ ಇಂಜಿನಿಯರಿಂಗಿನಲ್ಲಿ ಆಧಾರ ಸಿಗಲಿಲ್ಲ.