ತಾಂಬಾದ ಕಾವೇರಿಯ ಒಂದು ತಾಸು

ತಾಂಬಾ ಊರಿನ ಅಂಗನವಾಡಿಯಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುವ ಕಾವೇರಿಗೆ ಕಂಡದ್ದನ್ನೆಲ್ಲ ತಿಳಿಯುವ ಹಂಬಲ. ಗಾಜು ಹೇಗೆ ಮಾಡುತ್ತಾರೆ, ಒಂಟೆ ನೀರಿಲ್ಲದೆ ಎಷ್ಟು ದಿನ ಇರುತ್ತದೆ, ಇಂಥವು. ಆದರೆ ಹಗಲು ಅವಳದಲ್ಲ. ಐದಕ್ಕೆದ್ದು ರೊಟ್ಟಿ, ಆಮೇಲೆ ಅಂಗನವಾಡಿ, ಮನೆಮನೆ ಸರ್ವೆ, ಸಂಜೆ ಮತ್ತೆ ಒಲೆ. ಎಲ್ಲರೂ ಮಲಗಿದ ಮೇಲೆ ಕೌದಿಯೊಳಗೆ ಮೊಬೈಲ್ ಹಿಡಿದು, ಇದೊಂದೇ ನೋಡಿ ಮಲಗುತ್ತೇನೆ ಅನ್ನುವಷ್ಟರಲ್ಲಿ ಗಂಟೆ ಒಂದು ಹೊಡೆಯುತ್ತಿತ್ತು.

ಕಳೆದ ಶ್ರಾವಣದ ಒಂದು ಮಧ್ಯಾಹ್ನ ಮಕ್ಕಳನ್ನು ಮಲಗಿಸುತ್ತ ಅವಳೇ ನಿದ್ದೆಹೋದಳು. ಕಣ್ಣು ಬಿಟ್ಟರೆ ಹನ್ನೊಂದು ಮಕ್ಕಳು ಸುತ್ತ ಕೂತು ಅವಳನ್ನೇ ನೋಡುತ್ತಿವೆ. ಬಾಗಿಲಲ್ಲಿ ಸೂಪರ್‌ವೈಸರ್ ಸುಮಂಗಲಾ. "ಸದ್ದು ಮಾಡಬ್ಯಾಡ್ರಿ, ಅಕ್ಕೋರು ಮಲಗ್ಯಾರ" ಎಂದು ಪುಟ್ಟ ಹುಡುಗಿಯೊಬ್ಬಳು ಅವರನ್ನು ಅಲ್ಲೇ ತಡೆದಿದ್ದಳು.

ನೋಟಿಸ್ ಖಾತ್ರಿ ಎಂದುಕೊಂಡಳು ಕಾವೇರಿ. ಸುಮಂಗಲಾ ಚಾಪೆಯ ಮೇಲೆ ಕೂತರು.

"ರಾತ್ರಿ ಎಷ್ಟಕ್ಕ ಮಲಗ್ತೀರಿ?"

"ಒಂದಾಗ್ತೈತ್ರಿ, ಮೇಡಂ."

"ಯಾಕ, ಆರಾಮ ಇಲ್ಲೇನು?"

"ಆರಾಮ ಅದೀನ್ರಿ. ಮೊಬೈಲ್ ನೋಡ್ಕೋತ ಇರ್ತೇನ್ರಿ. ಆವಾಗ ಅಷ್ಟ ನನ್ನ ಯಾರೂ ಕರಿಯೂದಿಲ್ಲ."

ಸುಮಂಗಲಾ ಏನೇನು ನೋಡುತ್ತೀರಿ ಎಂದು ಕೇಳಿದರು. ಗಾಜಿನ ಭಟ್ಟಿಯ ಕಥೆಯಲ್ಲೇ ಅರ್ಧ ತಾಸು ಹೋಯಿತು. ಏಳುವಾಗ ಅವರೆಂದರು, "ಇನ್ನೊಮ್ಮೆ ಹಿಂಗಾದ್ರ ನಾ ಮ್ಯಾಲಿನವ್ರಿಗೆ ಬರದ ಕೊಡಬೇಕಾಗ್ತೈತಿ. ನಿಮಗಂತ ಒಂದು ತಾಸು ಹಗಲಿನ್ಯಾಗ ಮನಿಯವ್ರ ಕಡೆ ಕೇಳಿ ಇಸ್ಕೋರಿ."

ಅವತ್ತೇ ರಾತ್ರಿ ಊಟದ ಹೊತ್ತಿಗೆ ಕಾವೇರಿ ಹೇಳಿಯೇಬಿಟ್ಟಳು. "ನಾಳಿಂದ ಸಂಜೀಕ ಆರರಿಂದ ಏಳರ ತನಕ ಮಾಳಿಗಿ ಮ್ಯಾಲ ಇರ್ತೇನಿ. ಯಾರೂ ಕರೀಬ್ಯಾಡ್ರಿ."

"ಮತ್ತ ಚಾ?" ಎಂದ ಗಂಡ ಯಲ್ಲಾಲಿಂಗ.

"ಸಕ್ರಿ ಡಬ್ಬಿ ಎಲ್ಲೈತಿ ನಿಮಗ ಗೊತ್ತೈತಲ್ಲ."

ಮೊದಲ ವಾರ ನಾಲ್ಕು ಸಲ ಕರೆದರು, ಮೂರು ಸಲ ಇಳಿದುಹೋದಳು. ಎರಡನೆಯ ವಾರ ಅತ್ತೆ ಸಾತವ್ವ ಮೆಟ್ಟಿಲ ಬುಡದಲ್ಲಿ ತೊಗರಿ ಹಸನು ಮಾಡುತ್ತ ಕೂತು, ಸ್ವಂತ ಮಗನನ್ನೇ ವಾಪಸು ಕಳಿಸಿದಳು. ರಾತ್ರಿಯ ಚಟ ಮಾತ್ರ ಬೇಗ ಬಿಡಲಿಲ್ಲ. ಹತ್ತೂವರೆಗೆ ಮಲಗಿದರೆ ಕೈ ತಾನಾಗಿ ದಿಂಬಿನ ಕೆಳಗೆ ಹುಡುಕುತ್ತಿತ್ತು. ಮೊಬೈಲನ್ನು ಪಡಸಾಲೆಯಲ್ಲಿ ಚಾರ್ಜಿಗೆ ಹಾಕಿ ಬರತೊಡಗಿದಳು. ನಿದ್ದೆ ಹಾದಿಗೆ ಬರಲು ತಿಂಗಳೇ ಬೇಕಾಯಿತು. ಈಗಲೂ ಶನಿವಾರ ರಾತ್ರಿ ಅದು ಹಾದಿ ತಪ್ಪುತ್ತದೆ.

ಒಂದು ಸಂಜೆ ಸಾತವ್ವ ಮೊಣಕಾಲು ಹಿಡಿದುಕೊಂಡು ಮಾಳಿಗೆಗೇ ಹತ್ತಿ ಬಂದಳು. "ಅಷ್ಟೊತ್ತು ಏನ್ ನೋಡ್ತೀಯವ್ವ? ನನಗೂ ತೋರ್ಸು."

ಕಾವೇರಿ ಸರಿದು ಜಾಗ ಕೊಟ್ಟಳು. ತೆರೆಯ ಮೇಲೆ ಆಕ್ಟೋಪಸ್ ಈಜುತ್ತಿತ್ತು. ಅದಕ್ಕೆ ಮೂರು ಗುಂಡಿಗೆ ಎಂದು ವಿವರಿಸಿದಳು.

"ಮೂರು ಇಟ್ಕೊಂಡು ಏನ್ ಮಾಡ್ತೈತಿ ಅದು?"

ಕಾವೇರಿ ಉತ್ತರ ಹುಡುಕಲು ಮುಂದಿನ ವಿಡಿಯೊ ಒತ್ತಿದಳು. ಏಳಕ್ಕೆ ಇನ್ನೂ ಹದಿನೈದು ನಿಮಿಷವಿತ್ತು. ಇಬ್ಬರೂ ಕೂತು ಅದನ್ನು ನೋಡಿದರು.