ಪಥ್ಯದ ಕಾದಂಬರಿ

ಈಚೆಗೆ ಬಂದ ಕಾದಂಬರಿಗಳಲ್ಲಿ ಯಾವುದನ್ನು ಓದಬಹುದು ಎಂದು ಜನ ನನ್ನನ್ನು ಕೇಳುತ್ತಿರುತ್ತಾರೆ. ಮಲ್ಲೇಶ್ವರದ ಒಂದು ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡುವವನಿಗೆ ಇದು ತಪ್ಪಿದ್ದಲ್ಲ. ಮದುವೆಮನೆಯ ಊಟದ ಸಾಲಿನಲ್ಲಿ ಕೇಳುತ್ತಾರೆ, ಸಂಪಿಗೆ ರಸ್ತೆಯ ಮೆಟ್ರೊ ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿ ಕೇಳುತ್ತಾರೆ. ಮೊದಲೆಲ್ಲ ಉತ್ಸಾಹದಿಂದ ಹೇಳುತ್ತಿದ್ದೆ. ಈಗ ನಾನೇ ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ: "ಒಂದೇ ಕೈಲಿ ಹಿಡ್ಕೊಂಡು ಓದ್ತೀರೋ, ಎರಡೂ ಕೈ ಖಾಲಿ ಇರತ್ತೋ?" ಕೇಳಿದವರು ನನ್ನ ಮುಖ ನೋಡುತ್ತಾರೆ. ವಿವರಿಸುವಷ್ಟು ಚೈತನ್ಯ ಇದ್ದ ದಿನ ವಿವರಿಸುತ್ತೇನೆ, ಇಲ್ಲದ ದಿನ ಬಸ್ ಬಂತು ಎನ್ನುತ್ತೇನೆ.

ನನ್ನ ಅಕ್ಕ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಅವಳೂ ಮದುವೆಯಾಗಲಿಲ್ಲ, ನಾನೂ ಆಗಲಿಲ್ಲ. ಚಾಮರಾಜಪೇಟೆಯ ಬಾಡಿಗೆ ಮನೆಯಲ್ಲಿ ಇಬ್ಬರೇ ಇದ್ದೇವೆ. ಅವಳ ಕಿಡ್ನಿಗಳು ಕೈಕೊಟ್ಟ ಮೇಲೆ, ಭಾನುವಾರ ಒಂದು ಬಿಟ್ಟು, ದಿನ ಬಿಟ್ಟು ದಿನ ಬಸವನಗುಡಿಯ ಡಯಾಲಿಸಿಸ್ ಕೇಂದ್ರಕ್ಕೆ ಹೋಗುತ್ತೇವೆ. ಎಡಗೈಗೆ ಎರಡು ದಪ್ಪ ಸೂಜಿ ಚುಚ್ಚಿ ಯಂತ್ರಕ್ಕೆ ಜೋಡಿಸುತ್ತಾರೆ. ನಾಲ್ಕು ಗಂಟೆ ಆ ಕೈ ಅಲುಗಾಡುವಂತಿಲ್ಲ. ಉಳಿದ ಕೈಯಲ್ಲೇ ಪುಸ್ತಕ ಹಿಡಿದು, ಹೆಬ್ಬೆರಳಿನಿಂದ ಹಾಳೆ ಮಗುಚಬೇಕು. ದಪ್ಪ ಪುಸ್ತಕ ಎದೆಯ ಮೇಲೆ ಬೀಳುತ್ತದೆ. ಬೈಂಡಿಂಗ್ ಬಿಗಿಯಾದದ್ದು ತಾನಾಗಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಪುಸ್ತಕದಂಗಡಿಯಲ್ಲಿ ನಾನು ಬೆನ್ನುಡಿ ಓದುವುದಕ್ಕೆ ಮುಂಚೆ ಕಾದಂಬರಿಯನ್ನು ಒಂದು ಕೈಯಲ್ಲಿ ಎತ್ತಿ, ಅರ್ಧಕ್ಕೆ ತೆರೆದು, ತೋಳು ಸೋಲುವ ತನಕ ಹಾಗೇ ನಿಲ್ಲುತ್ತೇನೆ. ಅಂಗಡಿಯವರು ಈಗೀಗ ಏನೂ ಕೇಳುವುದಿಲ್ಲ.

ಅಲ್ಲಿ ಓದುವುದು ಪದ್ಧತಿಯಾದದ್ದು ಅಕ್ಕ ಇನ್ನು ಬರುವುದಿಲ್ಲ ಎಂದ ದಿನದಿಂದ. ಬಾಗಿಲಿಗೆ ಆಟೋ ಬಂದಿತ್ತು. ಅಕ್ಕ ಕುರ್ಚಿಯಿಂದ ಏಳಲಿಲ್ಲ.

"ಸಾಕು ಕಣೋ. ಇದೇನು ವಾಸಿಯಾಗೋ ಕಾಯ್ಲೆಯಾ? ಇವತ್ತು ತೊಳೀತಾರೆ, ನಾಳಿದ್ದು ಮತ್ತೆ ತೊಳೀತಾರೆ, ಮುಸುರೆ ಪಾತ್ರೆ ಥರ. ನನ್ನ ಬಿಟ್ಬಿಡು."

ಬಿಟ್ಟರೆ ಎಷ್ಟು ದಿನ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಅಳುವುದಾಗಲಿ, ಕೂಗಾಡುವುದಾಗಲಿ ನನಗೆ ಬರುವುದಿಲ್ಲ. ಹಿಂದಿನ ಸಲ ಹೊತ್ತು ಹೋಗಲಿ ಎಂದು ಕೊಟ್ಟಿದ್ದ ಕೊರಿಯಾದ ಪತ್ತೇದಾರಿ ಕಾದಂಬರಿಯೊಂದು ನನ್ನ ಚೀಲದಲ್ಲೇ ಇತ್ತು. "ಹಾಗಾದ್ರೆ ಆ ಲಾಂಡ್ರಿಯವಳನ್ನ ಕೊಂದಿದ್ದು ಯಾರು ಅಂತ ಬೇಡ್ವಾ?" ಎಂದೆ.

ಅಕ್ಕ ಕುರ್ಚಿಯಲ್ಲೇ ನೆಟ್ಟಗೆ ಕೂತಳು. "ಅಳಿಯಾನೇ ಇರ್ಬೇಕು."

"ಇರ್ಬಹುದು. ಪುಸ್ತಕ ಅಲ್ಲಿಗೆ ಹೋದ್ಮೇಲೇ ಕೊಡೋದು."

"ಮೇಷ್ಟ್ರ ಮುಂದೇನೇ ಮೇಷ್ಟ್ರಗಿರಿ," ಎಂದು ಗೊಣಗುತ್ತ ಚಪ್ಪಲಿ ಮೆಟ್ಟಿದಳು. ಕೊಂದವನು ಅಳಿಯನಾಗಿರಲಿಲ್ಲ, ಅದಕ್ಕೆ ಅವಳು ನನ್ನ ಮೇಲೆಯೇ ಮುನಿಸಿಕೊಂಡಳು.

ಅಂದಿನಿಂದ ಅದೇ ಒಪ್ಪಂದ. ಪುಸ್ತಕ ನನ್ನ ಚೀಲದಲ್ಲಿರಬೇಕು, ಮನೆಯಲ್ಲಿ ಹೊರಗೆ ಬರಕೂಡದು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಸಿದ್ಧವಿರಬೇಕು, ಅದೂ ಮೊದಲ ಅಧ್ಯಾಯದಲ್ಲೇ ಹಿಡಿದು ಕೂರಿಸುವಂಥದ್ದು. ಅಡುಗೆ, ಆಟೋ, ಲೈಬ್ರರಿಯ ಅರ್ಧ ದಿನದ ರಜೆ, ಇವುಗಳ ನಡುವೆ ಬಸ್ಸಿನಲ್ಲಿ ಕಂಬಕ್ಕೆ ಒರಗಿ ನಿಂತು ನಾನು ಓದುತ್ತಿದ್ದದ್ದು ಓದಲ್ಲ, ರುಚಿ ನೋಡುವುದು. ಮೊದಲ ಮೂವತ್ತು ಪುಟ, ನಡುವೆ ಹತ್ತು ಪುಟ. ಉಪ್ಪು ಹುಳಿ ಸರಿಯಿದೆ ಅನ್ನಿಸಿದರೆ ಚೀಲಕ್ಕೆ. ಕಾದಂಬರಿಯೊಳಗೆ ಮುಳುಗುವ ಸುಖ ನನಗೆ ಯಾವತ್ತು ಬಿಟ್ಟುಹೋಯಿತೋ, ಗಮನಿಸಲೂ ಇಲ್ಲ.

ಅಕ್ಕನ ಪಕ್ಕದ ಹಾಸಿಗೆ ಕೃಷ್ಣರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ ವ್ಯಾಪಾರ ಮಾಡುವ ಯಜಮಾನರೊಬ್ಬರದು. ನಮಗಿಂತ ಅರ್ಧ ಗಂಟೆ ಮುಂಚೆ ಬಂದು, ಮುಂಚೆ ಹೋಗುತ್ತಾರೆ. ಅವರು ದಿನಪತ್ರಿಕೆ ಬಿಟ್ಟು ಬೇರೇನೂ ಓದುವವರಲ್ಲ, ಆದರೆ ಕೇಳುವುದಕ್ಕೆ ತಯಾರು.

"ಏನ್ ಮೇಡಮ್, ಇವತ್ತು ಯಾವ್ ದೇಶ?"

"ನೈಜೀರಿಯಾ, ಯಜಮಾನ್ರೇ. ಒಂದೇ ವಠಾರದಲ್ಲಿ ಮೂರು ತಲೆಮಾರು."

"ಅಲ್ಲೂ ಅತ್ತೆ ಸೊಸೆ ಜಗಳಾನಾ?"

"ಜಗಳ ಇದೆ. ಆದ್ರೆ ಈ ಸೊಸೆಗೆ ಅತ್ತೆಯಂದ್ರು ಮೂರು ಜನ."

"ಸತ್ಲು ಬಿಡಿ," ಎಂದು ಅವರು ಕಣ್ಣು ಮುಚ್ಚಿಕೊಂಡರು.

ಆ ನೈಜೀರಿಯಾದ ಕಾದಂಬರಿಯನ್ನು ನಾನು ಈಗಲೂ ಯಾರಿಗೆ ಬೇಕಾದರೂ ಹೇಳುತ್ತೇನೆ. ಅಕ್ಕ ಅದನ್ನು ನಿಧಾನವಾಗಿ ಉಳಿಸಿ ಉಳಿಸಿ ಓದಿದಳು. ಟರ್ಕಿಯ ಪ್ರೇಮಕಥೆ ಮಾತ್ರ ಎರಡನೆಯ ಸಲಕ್ಕೇ ವಾಪಸ್ಸು ಬಂತು. "ಇಬ್ರೂ ಕಿಟಕಿ ಹತ್ರ ನಿಂತೇ ಇದಾರೆ ಕಣೋ, ನೂರು ಪುಟ ಆಯ್ತು. ಒಬ್ರಾದ್ರೂ ಬಾಗಿಲು ತೆಗೀಬಾರ್ದಾ?" ನನಗೆ ಆ ಕಾದಂಬರಿ ಇಷ್ಟವಾಗಿತ್ತು, ವಾದ ಮಾಡುವ ಶಕ್ತಿ ಇರಲಿಲ್ಲ.

ಆಮೇಲೆ ಜಪಾನಿನದು ಸಿಕ್ಕಿತು. ತೆಳ್ಳಗಿನ ಪುಸ್ತಕ, ಒಂದು ಕೈಗೆ ಹೇಳಿ ಮಾಡಿಸಿದಂತಿತ್ತು. ಒಂದು ಸಣ್ಣ ಊರಿನ ರೈಲು ನಿಲ್ದಾಣದ ಪಕ್ಕ ಮುದುಕಿಯೊಬ್ಬಳ ಅಂಗಡಿ. ಕಡಲ ಪಾಚಿ, ಒಣಗಿಸಿದ ಅಣಬೆ ಹಾಕಿ ಅವಳು ಬೆಳಗ್ಗಿನಿಂದ ಕುದಿಸುತ್ತಾಳೆ. ರೈಲಿಳಿದವರು ಬಂದು ಒಂದೊಂದು ಬಟ್ಟಲು ಕುಡಿದು ತಮ್ಮ ಕಥೆ ಹೇಳಿ ಹೋಗುತ್ತಾರೆ. ನಿಲ್ದಾಣ ಕೆಡವುತ್ತಾರೆ, ಅಂಗಡಿ ಉಳಿಯುತ್ತದೋ ಇಲ್ಲವೋ ಎಂಬುದೇ ಎಳೆ. ಕನ್ನಡಕ್ಕೆ ತಂದವರು ಅದನ್ನು ಸೂಪು ಎಂದು ಬರೆದಿರಲಿಲ್ಲ, ಸಾರು ಎಂದು ಬರೆದಿದ್ದರು. "ನೋಡೋ, ಎಷ್ಟು ಧೈರ್ಯವಾಗಿ ಸಾರು ಅಂತ ಬರ್ದಿದಾರೆ. ಅನುವಾದ ಅಂದ್ರೆ ಇದು," ಎಂದು ಅಕ್ಕ ಹಿಗ್ಗಿದಳು. ನಾನೂ ಹಿಗ್ಗಿದೆ.

ಸೂಪು ಎಂದಿದ್ದರೆ ಏನೂ ಆಗುತ್ತಿರಲಿಲ್ಲ. ಸೂಪು ಹೋಟೆಲಿನ ಪದಾರ್ಥ, ಅದನ್ನು ಓದಿ ಯಾರ ಬಾಯಲ್ಲೂ ನೀರೂರುವುದಿಲ್ಲ. ಸಾರು ಎಂದರೆ ತೊಗರಿಬೇಳೆಯ ಕಟ್ಟು, ಮೇಲೆ ತೇಲುವ ಕರಿಬೇವು, ಇಂಗಿನ ಒಗ್ಗರಣೆ ಚುಂಯ್ ಎಂದದ್ದು. ನಮ್ಮ ಮನೆಯಲ್ಲಿ ಸಾರು ಮಾಡುವುದನ್ನು ನಿಲ್ಲಿಸಿ ಬಹಳ ಕಾಲವಾಗಿತ್ತು. ಕುಡಿದ ನೀರು ಹೊರಗೆ ಹೋಗುವ ದಾರಿ ಮುಚ್ಚಿದ ದೇಹ ಅವಳದು. ನೀರು, ಕಾಫಿ, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಇಷ್ಟೇ ಎಂಬ ಅಳತೆ ಇತ್ತು. ಅನ್ನಕ್ಕೆ ಪಲ್ಯ, ಗಟ್ಟಿ ಮೊಸರು, ಅಷ್ಟೇ.

ಒಂದು ಶನಿವಾರ ನಾನು ಲೈಬ್ರರಿಯಿಂದ ಬಂದಾಗ ಮನೆಯಲ್ಲಿ ಇಂಗಿನ ವಾಸನೆ ತುಂಬಿತ್ತು. "ಪಕ್ಕದ ಮನೇದು," ಎಂದಳು ಅಕ್ಕ. ಪಾತ್ರೆಗಳೆಲ್ಲ ತೊಳೆದು ಬೋರಲು ಹಾಕಿದ್ದವು. ಬಸ್ಸಿನಲ್ಲಿ ನಿಂತು ಕಾಲು ಸೋತಿತ್ತು, ನಂಬಿದೆ. ಭಾನುವಾರ ಕೇಂದ್ರಕ್ಕೆ ರಜೆ. ಸೋಮವಾರ ಬೆಳಗಾಗುವಷ್ಟರಲ್ಲಿ ಅವಳ ಕಾಲು ಕಂಬದಂತೆ ಊದಿತ್ತು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಆಟೋದಲ್ಲಿ ನನ್ನ ಭುಜಕ್ಕೆ ಒರಗಿ ಮೀನಿನಂತೆ ಬಾಯಿ ತೆರೆದುಕೊಂಡೇ ಬಂದಳು. ತೂಕದ ಯಂತ್ರದ ಮೇಲೆ ನಿಲ್ಲಿಸಿದ ಸಿಸ್ಟರ್ ಗಾಬರಿಯಾದಳು.

"ಅಯ್ಯೋ, ಏನ್ ಕುಡಿದ್ರಿ ಮೇಡಮ್ ಇಷ್ಟು?"

"ಜಪಾನಿನ ಸಾರು," ಎಂದಳು ಅಕ್ಕ, ಉಸಿರು ಎಳೆದುಕೊಳ್ಳುತ್ತ.

ಯಜಮಾನರು ಗಟ್ಟಿಯಾಗಿ ನಕ್ಕರು. ಅವಳ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದ್ದು ಕಂಡು ನಗು ನುಂಗಿಕೊಂಡರು. ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ನೊಂದ್ಸಲ ಹೀಗ್ ಕರ್ಕೊಂಡ್ಬಂದ್ರೆ ಉಳಿಸೋದು ಕಷ್ಟ," ಎಂದರು. ಮುಗಿಯದ ಆ ಪುಸ್ತಕವನ್ನು ಮನೆಗೆ ತಂದು ಬೀರುವಿನಲ್ಲಿ ಬಟ್ಟೆಗಳ ಅಡಿಗೆ ತಳ್ಳಿದೆ.

ಅಲ್ಲಿಂದ ನನ್ನ ರುಚಿ ನೋಡುವ ಕೆಲಸ ದುಪ್ಪಟ್ಟಾಯಿತು. ಯಾರೂ ಏನೂ ಕುಡಿಯದ ಕಾದಂಬರಿ ಹುಡುಕಬೇಕಿತ್ತು. ಹುಡುಕಿ ನೋಡಿ, ಗೊತ್ತಾಗುತ್ತದೆ. ಪತ್ತೇದಾರ ಕಾಫಿ ಬಿಟ್ಟು ಕೊಲೆಗಾರನನ್ನು ಹಿಡಿಯುವುದಿಲ್ಲ. ಅರಬ್ ನಾಡಿನ ಒಂದು ಒಳ್ಳೆಯ ಕಾದಂಬರಿಯನ್ನು ಮರುಭೂಮಿ ತಾನೆ ಎಂದು ಎತ್ತಿಕೊಂಡರೆ ಪುಟ ಪುಟಕ್ಕೂ ಬಾಯಾರಿಕೆ, ಪುಟ ಪುಟಕ್ಕೂ ಬಾವಿ. ಅಸ್ಸಾಮಿನದರಲ್ಲಿ ಚಹಾ, ಕೇರಳದ್ದರಲ್ಲಿ ಗಂಜಿ. ಕೊನೆಗೆ ಪೋಲೆಂಡಿನ ಒಂದು ವೈಜ್ಞಾನಿಕ ಕಾದಂಬರಿ ಸಿಕ್ಕಿತು. ಆಕಾಶನೌಕೆ, ಒಳಗೆ ನಿದ್ದೆ ಹೋದ ಪ್ರಯಾಣಿಕರು, ಅವರನ್ನು ಕಾಯುವ ಯಂತ್ರ. ಎಲ್ಲೂ ಒಂದು ಲೋಟವಿಲ್ಲ.

ಅಕ್ಕ ಕೇಂದ್ರಕ್ಕೆ ಹೋದ ಎರಡು ಸಲವೂ ಅದನ್ನು ಸುಮ್ಮನೆ ಓದಿದಳು. ಮೂರನೆಯ ಸಲ ಪುಸ್ತಕ ಎದೆಯ ಮೇಲೆ ಕವುಚಿ ಹಾಕಿದಳು.

"ಇವ್ರು ಯಾರೂ ಏನೂ ತಿನ್ನಲ್ವಲ್ಲೋ. ಕುಡಿಯೋದೂ ಇಲ್ಲ. ಅವ್ರಿಗೂ ಡಯಾಲಿಸಿಸ್ಸಾ?"

ನಾನು ಅವಳ ಹೊದಿಕೆ ಸರಿಮಾಡತೊಡಗಿದೆ.

"ನೀನು ನೋಡಿ ನೋಡಿ ತರ್ತಿದೀಯ. ಅಲ್ವಾ?" ಅವಳು ನನ್ನನ್ನೇ ದಿಟ್ಟಿಸಿದಳು. "ನಮ್ಮ ಸ್ಕೂಲಲ್ಲಿ ಮಕ್ಳು ಪಠ್ಯಪುಸ್ತಕ ಅಂತ ಬರೆಯೋಕೆ ಹೋಗಿ ಪಥ್ಯಪುಸ್ತಕ ಅಂತ ಬರೀತಿದ್ರು. ಕೆಂಪು ಇಂಕಲ್ಲಿ ತಿದ್ದಿ ತಿದ್ದಿ ಕೈ ನೋವು ಬರೋದು. ಅಂಥದ್ದೊಂದು ಪುಸ್ತಕ ನಿಜವಾಗ್ಲೂ ಇರತ್ತೆ ಅಂತ ಗೊತ್ತಿರ್ಲಿಲ್ಲ ಕಣೋ. ನೀನು ಹುಡುಕಿ ತಂದ್ಬಿಟ್ಟೆ."

ಯಜಮಾನರು ಆ ಕಡೆಯಿಂದ, "ಏನಂತೆ, ಏನಂತೆ?" ಎಂದರು.

ಮರುಸಲ ಆಟೋ ಬಂದು ನಿಂತಾಗ ಅಕ್ಕ ಮತ್ತೆ ಕುರ್ಚಿಯಿಂದ ಏಳಲಿಲ್ಲ. ಈ ಸಲ ದನಿಯಲ್ಲಿ ಬೇಸರವಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

"ಆ ಮುದುಕಿ ಅಂಗಡಿ ಏನಾಯ್ತು?"

"ಗೊತ್ತಿಲ್ಲ ಅಕ್ಕ. ನಾನೂ ಪೂರ್ತಿ ಓದಿಲ್ಲ."

"ಓದ್ದೇ ನಂಗೆ ಚೆನ್ನಾಗಿದೆ ಅಂದ್ಯಾ?"

"ಪುರುಸೊತ್ತೆಲ್ಲಿದೆ?"

ಅದು ನನ್ನ ಬಾಯಿಂದ ಬಂದ ದನಿಗೆ ಅವಳು ಸ್ವಲ್ಪ ತಣ್ಣಗಾದಳು. "ಸರಿ. ಅನ್ನ, ಪಲ್ಯ ನೀನು ಹೇಳ್ದಂಗೇ ತಿಂತೀನಿ. ನೀರು ನೀನು ಅಳೆದು ಕೊಟ್ಟಷ್ಟೇ ಕುಡೀತೀನಿ. ಆವತ್ತು ಕುಡಿದಿದ್ದು ನಾನು, ಪುಸ್ತಕ ಅಲ್ಲ. ಬಾಯಾರಿಕೆ ನಂದು, ನಾನ್ ನೋಡ್ಕೋತೀನಿ. ಓದೋದ್ರಲ್ಲೂ ಪಥ್ಯ ಮಾಡು ಅಂದ್ರೆ ಆಟೋ ವಾಪಸ್ ಕಳ್ಸು."

ಆಟೋದವನು ಹಾರನ್ ಮಾಡಿದ. ನಾನು ಬೀರು ತೆಗೆದು, ಬಟ್ಟೆಯ ಅಡಿಯಿಂದ ಪುಸ್ತಕ ಎಳೆದು ಅವಳ ಕೈಗೇ ಕೊಟ್ಟೆ. ಇಲ್ಲೇ ಕೂತು ಓದಿ ಮುಗಿಸಿದ್ದರೆ ನಾನು ಏನು ಮಾಡಬೇಕಿತ್ತೋ ಗೊತ್ತಿಲ್ಲ. ಅವಳು ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡು ಎದ್ದಳು.

ಆ ದಿನ ಅವಳು ಗಟ್ಟಿಯಾಗಿಯೇ ಓದಿದಳು. ಯಜಮಾನರ ಯಂತ್ರ ನಿಂತಾಗ ಇನ್ನೂ ಕೆಲವು ಪುಟ ಬಾಕಿ ಇತ್ತು. ಮಗ ಕರೆದೊಯ್ಯಲು ಬಂದಿದ್ದ. "ಉಳಿದಿದ್ದು ನಾಳಿದ್ದು ಹೇಳ್ಬೇಕು ಮೇಡಮ್. ಮರೀಬೇಡಿ," ಎಂದು ಹೋದರು. ಅಕ್ಕ ಮನಸ್ಸಿನಲ್ಲೇ ಓದಿ ಮುಗಿಸಿ, ಪುಸ್ತಕ ನನಗೆ ಚಾಚಿ ಕಣ್ಣು ಮುಚ್ಚಿದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಸಿಸ್ಟರ್ ಒಂದು ಚೂರು ಮಂಜುಗಡ್ಡೆ ಬಾಯಿಗಿಟ್ಟಳು. ಅಕ್ಕ ಅದನ್ನು ಬಹಳ ಹೊತ್ತು ಚೀಪಿದಳು.

ಮಧ್ಯದ ಒಂದು ದಿನದಲ್ಲಿ ನಾನು ಯಾವ ಪುಸ್ತಕವನ್ನೂ ಹುಡುಕಲಿಲ್ಲ. ಲೈಬ್ರರಿಯಲ್ಲಿ ಕಪಾಟುಗಳ ನಡುವೆ ನಿಂತವನು ಕೈ ಚಾಚದೆ ಬಂದೆ. ಮುಂದಿನ ಬೆಳಗ್ಗೆ ಆಟೋ ಬರುವ ಮುಂಚೆ ಹೇಳಿಬಿಟ್ಟೆ. "ಅಕ್ಕ, ಇವತ್ತು ಪುಸ್ತಕ ಇಲ್ಲ. ಏನೂ ತಂದಿಲ್ಲ."

ಅವಳು ಆಗಲೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿದ್ದಳು. "ಇರ್ಲಿ ನಡಿ. ಅವ್ರಿಗೆ ಕೊನೆ ಹೇಳ್ಬೇಕಲ್ಲ."

ಕೊನೆ ಕೇಳಿ ಯಜಮಾನರಿಗೆ ತಡೆಯಲಾಗಲಿಲ್ಲ. "ಮುಚ್ಚಿದ್ಲಾ? ಅಂಗಡೀನಾ?"

"ಮುಚ್ಚಿದ್ಲು. ಕೊನೇ ದಿನ ಗಿರಾಕಿ ಯಾರೂ ಬರ್ಲಿಲ್ಲ. ಒಂದು ಬಟ್ಲು ತಾನೇ ಬಡಿಸ್ಕೊಂಡು ಕೂತು ಕುಡಿದ್ಲು. ಅಲ್ಲಿವರೆಗೂ ಅವಳು ಒಂದ್ಸಲಾನೂ ಕೂತಿರ್ಲಿಲ್ಲ, ನೋಡಿ."

"ಕೂತ್ಕೊಳ್ಳಿ, ಬೇಡ ಅಂದೋರ್ಯಾರು? ಜಾಗ ಯಾಕ್ ಬಿಟ್ಲು? ಕೋರ್ಟಿಂದ ಸ್ಟೇ ತರ್ಬೇಕಿತ್ತು. ನಮ್ ಮಾರ್ಕೆಟಲ್ಲಿ ಒಂದಡಿ ಕಟ್ಟೆ ಬಿಡಿಸೋಕ್ ಬರ್ಲಿ, ತೋರಿಸ್ತೀನಿ."

"ಅವಳಿಗೆ ಸಾಕಾಗಿತ್ತು ಯಜಮಾನ್ರೇ."

"ಸಾಕಾಗಿದ್ರೆ ತಂಗಿ ಮಗನ್ನೋ ಯಾರನ್ನೋ ಕೂರಿಸ್ಬೇಕು. ಸಾಕಾಯ್ತು ಅಂತ ಮುಚ್ಚೋದಾ? ಯಾರು ಮೇಡಮ್ ಇದನ್ನ ಬರ್ದಿದ್ದು, ವ್ಯಾಪಾರ ಗೊತ್ತಿಲ್ದೋರು!"

"ನೀವು ಕಥೆ ಕೇಳ್ತಿದೀರೋ, ಲೀಸ್ ಪತ್ರ ನೋಡ್ತಿದೀರೋ?"

ಅವರ ಯಂತ್ರ ನಿಂತಿತು, ಸೂಜಿ ತೆಗೆದರು. ಅವರು ಹೊರಡಲಿಲ್ಲ. ಮಗನನ್ನು ಬಾಗಿಲಲ್ಲೇ ನಿಲ್ಲಿಸಿ, ತೋಳಿಗೆ ಹತ್ತಿ ಒತ್ತಿ ಹಿಡಿದುಕೊಂಡು, ಸ್ಟೂಲ್ ಎಳೆದು ಅಕ್ಕನ ಹಾಸಿಗೆಯ ಪಕ್ಕ ಕೂತರು. ನಾನು ಕುರ್ಚಿಯಲ್ಲಿ ತೂಕಡಿಸುತ್ತಿದ್ದೆ. ಎಚ್ಚರವಾದಾಗ ಅಕ್ಕನ ಯಂತ್ರ ಕೂಗುತ್ತಿತ್ತು, ಸಿಸ್ಟರ್ ಪ್ಲಾಸ್ಟರ್ ಹಿಡಿದು ಬಂದು ನಿಂತಿದ್ದಳು.

"ಮುಗೀತು ಮೇಡಮ್, ಕೈ ಕೊಡಿ."

"ಇರಮ್ಮಾ ಒಂದ್ನಿಮಿಷ," ಎಂದಳು ಅಕ್ಕ, ಅವಳ ಕಡೆ ತಿರುಗದೆ. "ಇವ್ರು ಆ ಮುದುಕೀದೇ ತಪ್ಪು ಅಂತಿದಾರೆ."